ಬುತ್ತಿ ಒದ್ದವನು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬೇರೆ ಏನು ಬರೆಯಲು ಹೋದರೂ ಕೈ ಅದನ್ನೇ ಬರೆಯುತ್ತದೆ. ರಾಯದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ, ಹೊತ್ತು ಏರುವ ಮುಂಚೆ ಹುಟ್ಟಿದಳು. ಕೆಂಡದಲ್ಲಿ ಸುಟ್ಟು ಸಿಪ್ಪೆ ಬಿಡಿಸಿದ ಬದನೆಕಾಯಿ ಹಾಗೆ ಮುಖ ಮುದುಡಿಕೊಂಡಿದ್ದಳು. ಕೈ ಸರಿ, ಕಾಲು ಸರಿ, ತಲೆತುಂಬ ಕೂದಲು. ನರ್ಸಮ್ಮ ಬೆನ್ನು ತಟ್ಟುವ ಮುಂಚೆಯೇ ಕಿರುಚಿದಳು. ನಾನು ಆಸ್ಪತ್ರೆ ಬಾಗಿಲಲ್ಲಿ ನಿಂತು ಗುರುತಿದ್ದವರಿಗೂ ಇಲ್ಲದವರಿಗೂ ಬಾಯಿಗೆ ಸಕ್ಕರೆ ಹಾಕುತ್ತಿದ್ದೆ. ಒಬ್ಬ ಆಟೋದವನು, "ನನಗ ಶುಗರ್ ಐತ್ರಿ ಅಮ್ಮ" ಅಂದ.

"ಇವತ್ತೊಂದಿನ ಇರಂಗಿಲ್ಲ, ಬಾಯಿ ತೆಗಿ" ಅಂದೆ.

ಅಷ್ಟರಲ್ಲಿ ಫೋನು ಬಂತು, ಮಡಕಶಿರದಿಂದ. ಅವನು ಸತ್ತನಂತೆ.

ಸಕ್ಕರೆ ಇನ್ನೂ ಕೈಯಲ್ಲೇ ಇತ್ತು. ಒಂದು ಚಿಟಿಕೆ ನನ್ನ ಬಾಯಿಗೂ ಹಾಕಿಕೊಂಡೆ. ಅದು ಮಗುವಿನ ಸಕ್ಕರೆಯೋ ಅವನ ಸಕ್ಕರೆಯೋ ಅಂತ ಕೇಳಬೇಡಿ. ಎರಡಕ್ಕೂ ಸೇರಿಸಿಯೇ ಹಾಕಿಕೊಂಡೆ.

ಬದುಕಿದ್ದಾಗ ಏಕವಚನದಲ್ಲಿ ಆಡಿಕೊಂಡು, ಸತ್ತ ಮೇಲೆ 'ಅವರು' ಅನ್ನುವುದು ಜನರ ರೂಢಿ. ನಾನು ಉಲ್ಟಾ. ಬದುಕಿದ್ದಾಗ ಸಾರ್ ಅಂದೆ, ಕೈ ಮುಗಿದೆ, ಹೋಗ್ರಿ ಬರ್ರಿ ಅಂದೆ. ಈಗ 'ಅವನು' ಅಂತ ಬರೆಯುತ್ತೇನೆ. ಹೊಟ್ಟೆ ತಣ್ಣಗಾಗುತ್ತದೆ.

ಬಳ್ಳಾರಿ ರಸ್ತೆಯಲ್ಲಿ ಊರು ಬಿಟ್ಟ ಮೇಲೆ ಒಂದು ತಂತಿ ಶೆಡ್ಡು ಇತ್ತು. ಹೊಲಕ್ಕೆ ಹಾಕುವ ಬೇಲಿ ತಂತಿಗೆ ಅಲ್ಲಿ ಸತುವಿನ ಲೇಪ ಹಾಕುತ್ತಿದ್ದರು. ಲೇಪ ಹಿಡಿಯಬೇಕಾದರೆ ಮೊದಲು ತುಕ್ಕು ಹೋಗಬೇಕು. ತುಕ್ಕು ಹೋಗಲು ತಂತಿಯನ್ನು ಆಸಿಡ್ಡಿನಲ್ಲಿ ಅದ್ದಬೇಕು. ಆಸಿಡ್ಡು ಬೆಚ್ಚಗಿದ್ದರೆ ಕೆಲಸ ಬೇಗ. ಅದಕ್ಕೇ ಶೆಡ್ಡಿನ ಮೂಲೆಯಲ್ಲಿ ಆಳೆತ್ತರಕ್ಕೂ ಮೇಲಾದ ಒಂದು ಕಬ್ಬಿಣದ ಟ್ಯಾಂಕು, ಅದರೊಳಗೆ ಉಗಿಯ ಕೊಳವೆ. ಬಾಯ್ಲರ್ ಹಚ್ಚಿದರೆ ಟ್ಯಾಂಕು ಬೆಚ್ಚಗಾಗಿ, ಹೊರಮೈ ಮುಟ್ಟಿದರೆ ಜ್ವರ ಬಂದ ಮಗುವನ್ನು ಮುಟ್ಟಿದ ಹಾಗಿರುತ್ತಿತ್ತು. ನಾನು ಅಲ್ಲಿ ಕಸ ಗುಡಿಸುತ್ತಿದ್ದೆ. ನನ್ನ ಮಗಳು ತಂತಿ ಸುರುಳಿ ಕಟ್ಟುತ್ತಿದ್ದಳು. ಅಳಿಯ ಅಲ್ಲಿಯೇ ವೆಲ್ಡಿಂಗ್ ಕೆಲಸ. ನಮ್ಮೆಲ್ಲರ ಮೇಲೆ ಇವನು ಇನ್‌ಚಾರ್ಜ್.

ಮಡಕಶಿರದವನು. ಹೆಂಡತಿಯನ್ನು ಅಲ್ಲೇ ಬಿಟ್ಟು ಇಲ್ಲಿ ಒಂಟಿ ರೂಮಿನಲ್ಲಿದ್ದ. ಎತ್ತರ ಕಡಿಮೆ, ಹೊಟ್ಟೆ ಜಾಸ್ತಿ. ಶೆಡ್ಡಿನ ಬಾಗಿಲಿಗೆ ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ಬೈಗುಳ, ಕೊನೆಗೆ ಇವನು. ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಯಾರಿಗೆ ಏನು ಊನವೋ ಅದೇ ಅವರ ಹೆಸರು. ಕಾಲು ಎಳೆಯುವವನು 'ಒಂದೂವರೆ'. ಮಕ್ಕಳಾಗದ ಒಬ್ಬಳಿಗೆ 'ಬೀಗ' ಅಂತ ಹೆಸರಿಟ್ಟಿದ್ದ. "ಏ ಬೀಗ, ಇತ್ಲಾಗ್ ಬಾರಮ್ಮಿ" ಅನ್ನುವನು, ಎಲ್ಲರ ಎದುರಿಗೆ. ಅವಳು ಬರುತ್ತಿದ್ದಳು. ಬಾರದೆ ಏನು ಮಾಡಿಯಾಳು? ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಂತ ಹೇಗೋ ಗೊತ್ತಾಗಿ, ನನಗೆ 'ಮೂರನೇ ಕ್ಲಾಸು'.

"ಏನ್ ಮೂರನೇ ಕ್ಲಾಸು, ಕಸಬರಿಕೆ ಹಿಡಿಯಾದು ಯಾವ ಪಾಠದಾಗೆ ಬಂದಿತ್ತು?"

"ಪಾಠದಾಗ ಬರ್ಲಿಲ್ರಿ ಸಾರ್, ಹೊಟ್ಟಿ ಕಲಿಸ್ತು."

"ಹೊಟ್ಟೆ ನಂಗೂ ಐತೆ. ನಾನೇನು ಕಸ ಗುಡುಸ್ತಾ ಇದೀನಾ?"

ಮಾತಿನಲ್ಲಿ ಅವನನ್ನು ಗೆಲ್ಲುವುದು ಆಗುತ್ತಿರಲಿಲ್ಲ. ಗೆದ್ದರೆ ಇನ್ನೂ ಕಷ್ಟ.

ಹೊಸಬರು ಬಂದ ದಿನ ಅವನಿಗೆ ಹಬ್ಬ. ಅವರ ಮೈಮೇಲೆ ಯಾವುದು ಹೊಸದೋ ಅದನ್ನು ಬಿಚ್ಚಿಸುತ್ತಿದ್ದ. ಟವೆಲ್ಲು, ಅಂಗಿ, ಒಬ್ಬನದು ಮದುವೆಯಲ್ಲಿ ಮಾವ ಕೊಟ್ಟ ಪಂಚೆ. ಏಣಿ ಹತ್ತಿ, ಇಕ್ಕಳದಲ್ಲಿ ಹಿಡಿದು ಟ್ಯಾಂಕಿನ ಬೆಚ್ಚಗಿನ ಆಸಿಡ್ಡಿಗೆ ಅದ್ದಿ, ಒಣಗಲು ಹಾಕಿ, ಸಂಜೆ ಅವರ ಕೈಗೇ ಕೊಡುವನು. ಮುಟ್ಟಿದರೆ ಬೂದಿ ಹಾಗೆ ಉದುರುತ್ತಿತ್ತು. "ಇದು ಪಂಚೆ ಕಣ್ಲಾ. ಮೈಮರೆತ್ರೆ ನಾಳೆ ನಿನ್ನ ಕಾಲು." ಇಷ್ಟೇ ಅವನು ಹೇಳಿಕೊಡುವ ಪಾಠ. ಇದಕ್ಕಿಂತ ಹೆಚ್ಚಿಗೆ ಯಾರಿಗೂ ಏನೂ ಹೇಳಲಿಲ್ಲ. ಯಾಕೆ ಅಂತ ಕೇಳಿದವರಿಗೆ ಒದೆಯೇ ಉತ್ತರ.

ಒಂದು ಸಲ ಮಾತ್ರ ಸೋತ. ಗುಮ್ಮಘಟ್ಟದ ಕಡೆಯಿಂದ ಕುರಿ ಮಾರಿ ಕೂಲಿಗೆ ಬಂದ ಒಬ್ಬ ಆಳು, ಹೆಗಲ ಮೇಲೆ ಕರಿ ಕಂಬಳಿ. ಇವನು ಆ ಕಂಬಳಿಯನ್ನು ಕಸಿದು ಅದ್ದಿದ. ನಾವೆಲ್ಲ ಅಯ್ಯೋ ಅಂದೆವು. ಸಂಜೆಗೆ ತೊಳೆದು ಎಳೆದು ನೋಡುತ್ತಾನೆ, ಕಂಬಳಿ ಹಾಗೇ ಇದೆ! ಹತ್ತಿ ಕರಗಿದ ಹಾಗೆ ಉಣ್ಣೆ ಕರಗಲಿಲ್ಲ. ಜಗ್ಗಿದ, ಹರಿಯಲಿಲ್ಲ. ಕಾಲಲ್ಲಿ ತುಳಿದು ಜಗ್ಗಿದ, ಹರಿಯಲಿಲ್ಲ. ಆ ಆಳು ಕೈಕಟ್ಟಿ ನಿಂತು, "ಅದು ಕುರಿದು ಐತ್ರಿ ಸಾರ್, ಮನುಷ್ಯರ್ದಲ್ಲ" ಅಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಇನ್‌ಚಾರ್ಜ್ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಅವನನ್ನು ಒಯ್ದು ಆಸಿಡ್ ಟ್ಯಾಂಕಿನ ಪಕ್ಕದಲ್ಲೇ ಕಾಯಂ ನಿಲ್ಲಿಸಿದ. "ನಿಂಗೆ ಕಂಬಳಿ ಐತಲ್ಲಾ, ನಿಂತ್ಕೊ." ಅವನ ಹೆಸರೂ 'ಕಂಬಳಿ' ಆಯಿತು.

ಈಗ ಬುತ್ತಿಯ ವಿಷಯ.

ಹೆಣ್ಣಾಳುಗಳೆಲ್ಲ ಕೋಳಿ ಕೂಗುವಾಗ ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿಕೊಂಡು ಆಟೋ ಹತ್ತಿ ಬರುವವರು. ಮಾಗಿಯ ಚಳಿಯಲ್ಲಿ ಮಧ್ಯಾಹ್ನಕ್ಕೆ ಜೋಳದ ರೊಟ್ಟಿ ಹಲಗೆ, ಪುಂಡಿಸೊಪ್ಪಿನ ಪಲ್ಯ ಹೆಪ್ಪು. ಶೆಡ್ಡಿನಲ್ಲಿ ಬೆಚ್ಚಗಿರುವುದು ಅಂದರೆ ಟ್ಯಾಂಕು ಒಂದೇ. ಹೋಗಿ ಬಂದು ಎಲ್ಲರೂ ಡಬ್ಬಿಯನ್ನು ಅದರ ಬುಡಕ್ಕೆ ತಾಗಿಸಿ ಇಡುತ್ತಿದ್ದರು. ಇವನು ಕಂಡರೆ ಸಾಕು, ಬಂದು ಒದೆಯುತ್ತಿದ್ದ. ಡಬ್ಬಿ ಉರುಳಿ, ಮುಚ್ಚಳ ಬಿಚ್ಚಿ, ಅನ್ನ ತುಕ್ಕಿನ ಪುಡಿಯಲ್ಲಿ ಬೀಳುತ್ತಿತ್ತು. ಗುಡಿಸುವವಳು ನಾನೇ. ಅನ್ನವನ್ನು ಕಸದ ಹಾಗೆ ಗುಡಿಸಿದವರಿಗೇ ಗೊತ್ತು ಅದು ಎಂಥ ಕೆಲಸ ಅಂತ.

"ಟ್ಯಾಂಕು ಮುಟ್ಟಬ್ಯಾಡ್ರಿ ಅಂದ್ರೆ ಮುಟ್ಟಬ್ಯಾಡ್ರಿ. ಬಿಸಿ ಉಣ್ಣಾಕೆ ನಿಮ್ಮಪ್ಪನ ಮದುವೆನಾ ಇದು?"

"ತಾಗಿಸಿಟ್ರ ಏನಾಗ್ತೈತ್ರಿ ಸಾರ್?" ಅಂತ ನನ್ನ ಮಗಳು ಒಂದು ಸಲ ಕೇಳಿದಳು.

"ನಾಲಿಗೆ ತಾಗ್ಸಿ ನೋಡು, ಗೊತ್ತಾಗ್ತೈತೆ."

ಅವನು ಮಾತ್ರ ಮೂಲೆಯಲ್ಲಿ ಕೂತು ತಣ್ಣನೆ ಮುದ್ದೆ ಉಣ್ಣುತ್ತಿದ್ದ, ಒಬ್ಬನೇ, ಗೋಡೆಗೆ ಮುಖ ಮಾಡಿ.

ಆಗ ಮಗಳಿಗೆ ಬಸಿರು ನಿಂತಿತು. ತಣ್ಣಗಿನದು ಬಾಯಿಗಿಟ್ಟರೆ ವಾಂತಿ. ಮಧ್ಯಾಹ್ನ ಉಪವಾಸವೇ ಕೂರುವಳು. ಅಳಿಯನಿಗೆ ಅದನ್ನು ನೋಡಲು ಆಗಲಿಲ್ಲ. ಇನ್‌ಚಾರ್ಜ್ ಯಾರದೋ ಮದುವೆ ಅಂತ ಮಡಕಶಿರಕ್ಕೆ ಹೋಗಿದ್ದ. ಬಾಯ್ಲರ್ ಆರಿತ್ತು, ಟ್ಯಾಂಕಿನಲ್ಲಿ ಆಸಿಡ್ಡು ತಳಕ್ಕಿಳಿದಿತ್ತು. ಟ್ಯಾಂಕಿಗೂ ಗೋಡೆಗೂ ನಡುವೆ ಒಂದು ಸಂದಿ ಇದೆ. ಹೆಂಗಸರು ಅಡ್ಡ ತಿರುಗಿ ಹೋಗಬಹುದು, ಇನ್‌ಚಾರ್ಜಿನ ಹೊಟ್ಟೆ ಮಾತ್ರ ಹಿಡಿಯುವುದಿಲ್ಲ. ಆ ಸಂದಿಯ ಕಡೆಗೆ, ತೊಡೆ ಎತ್ತರದಲ್ಲಿ, ಟ್ಯಾಂಕಿನ ಮೈಗೆ ಅಳಿಯ ಒಂದು ದೊಡ್ಡ ಕಬ್ಬಿಣದ ಕೊಂಡಿ ಬೆಸೆದ. ಟೈರು ಸುಟ್ಟ ಹಾಗೆ ಒಂದು ವಾಸನೆ ಬಂತು. ಬಣ್ಣ ಸುಟ್ಟಿರಬೇಕು ಅಂದುಕೊಂಡೆವು.

"ನೋಡ್ರಿ ಅತ್ತಿ, ಆನಿ ಕಟ್ಟಿದ್ರೂ ಬೀಳಂಗಿಲ್ಲ" ಅಂದ. ಮುಖದಲ್ಲಿ ಏನು ಗೆಲುವು!

ಮಾರನೇ ದಿನದಿಂದ ಡಬ್ಬಿಗಳೆಲ್ಲ ಒಂದಕ್ಕೊಂದು ಪೋಣಿಸಿಕೊಂಡು ಅಲ್ಲಿ ನೇತಾಡಿದವು, ಬೆನ್ನು ಟ್ಯಾಂಕಿಗೆ ತಾಗಿಸಿಕೊಂಡು. ಮಧ್ಯಾಹ್ನ ತೆಗೆದರೆ ಒಲೆಯಿಂದ ಇಳಿಸಿದ ಹಾಗೆ. ಮಗಳು ಉಂಡಳು, ಬೀಗ ಅನ್ನುವವಳೂ ಉಂಡಳು. ಇನ್‌ಚಾರ್ಜ್ ತಿರುಗಿ ಬಂದು ಆ ಕಡೆ ಈ ಕಡೆ ಡಬ್ಬಿ ಹುಡುಕಿದ, ಸಿಗಲಿಲ್ಲ. "ಏನ್ರಮ್ಮಿ, ಬುದ್ಧಿ ಬಂದಂಗೈತೆ" ಅಂದ. ನಾವು ಸೆರಗು ಬಾಯಿಗಿಟ್ಟು ನಕ್ಕೆವು. ಹೊಟ್ಟೆ ಹಿಡಿಯದ ಜಾಗದಲ್ಲಿ ಅವನ ಸರ್ಕಾರ ನಡೆಯುವುದಿಲ್ಲ ಅಂತ ಹಾಡೇ ಕಟ್ಟಿದ್ದರು ಒಬ್ಬರು.

ಚಳಿ ಹೋಗಿ ಬಿಸಿಲು ಬಂತು. ಡಬ್ಬಿ ಅಲ್ಲೇ ನೇತಾಡುವುದು ರೂಢಿಯಾಗಿಬಿಟ್ಟಿತ್ತು. ಕೊಂಡಿಯ ಸುತ್ತ ಬಣ್ಣ ಬೊಬ್ಬೆ ಎದ್ದಿತು. ಕೆಳಗೆ ಗೋಧಿ ಬಣ್ಣದ ಒಂದು ಗೆರೆ ಇಳಿದಿತ್ತು. ಪಲ್ಯ ಸೋರಿರಬೇಕು ಅಂತ ನಾನೇ ಅದನ್ನು ಚಿಂದಿಯಲ್ಲಿ ಒರೆಸಿದೆ. ಚಿಂದಿ ಸಂಜೆಗೆ ತೂತು. ಹಳೇ ಚಿಂದಿ, ಹೋಗಲಿ ಅಂತ ಬಿಸಾಕಿದೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆ, ಅವನು ಮೂಗು ಎತ್ತಿ ನಿಂತ. ಬಿಸಿಯಾದ ಪುಂಡಿಪಲ್ಯ ಹುಳಿ ವಾಸನೆ ಬಿಡುತ್ತದಲ್ಲ, ಅದು.

"ಯಾವಳಮ್ಮಿ ಇಲ್ಲಿ ಅಡುಗೆಮನೆ ಮಾಡ್ಕಂಡಿರಾದು?"

ವಾಸನೆ ಹಿಡಿದು ಸಂದಿಯವರೆಗೆ ಹೋದ. ಅಡ್ಡ ತಿರುಗಿದ. ಉಸಿರು ಒಳಗೆಳೆದುಕೊಂಡು, ಗೋಡೆಗೆ ಬೆನ್ನು ಉಜ್ಜಿಕೊಂಡು, ಅಂತೂ ಒಳಗೆ ತೂರಿದ. ಒದೆಯಲು ಅಲ್ಲಿ ಜಾಗವಿರಲಿಲ್ಲ. ಅದಕ್ಕೇ ಎಸೆದ. ಒಂದೊಂದೇ ಡಬ್ಬಿ ಸಂದಿಯಿಂದ ಹಾರಿ ಬಂದು ನೆಲಕ್ಕೆ ಬಡಿಯಿತು. ಒಂದೊಂದಕ್ಕೂ ಒಂದೊಂದು ಬೈಗುಳ. ಹೆಂಗಸರು ಕೂಗಿಕೊಂಡು ತಮ್ಮ ತಮ್ಮ ಡಬ್ಬಿಯ ಹಿಂದೆ ಓಡಿದರು. ಕೊನೆಗೆ ಉಳಿದದ್ದು ನನ್ನ ಮಗಳದು, ನೀಲಿ ಮುಚ್ಚಳದ್ದು. ಅವಳು ಸಂದಿಯ ಬಾಯಲ್ಲೇ ನಿಂತಿದ್ದಳು.

"ಸಾರ್, ಅದು ನಂದ್ರಿ. ಎಸೀಬ್ಯಾಡ್ರಿ, ಕೈಗೆ ಕೊಡ್ರಿ."

"ನಿಂದಾ? ಬಸುರಿ ಬುತ್ತಿನಾ? ಅಂಗಾದ್ರೆ ಇನ್ನೂ ವಸಿ ದೂರ ಹೋಗ್ಲಿ."

ಕೈ ಎತ್ತಿ ಬೀಸಿದ. ಡಬ್ಬಿ ನಮ್ಮ ತಲೆಗಳ ಮೇಲಿಂದ ಹಾರಿ, ಶೆಡ್ಡಿನ ಬಾಗಿಲು ದಾಟಿ, ಹೊರಗೆ ಅಂಗಳದ ಕಲ್ಲಿಗೆ ಬಿತ್ತು. ಮಗಳು ಅವನ ವಂಶಕ್ಕೆಲ್ಲ ಮಣ್ಣು ಹಾಕುತ್ತ ಹೊರಗೆ ನಡೆದಳು. ಅವಳ ಹಿಂದೆ ಉಳಿದ ಹೆಂಗಸರು. ನಾನು ಕಸಬರಿಕೆ ಹಿಡಿದು ಬಾಗಿಲಲ್ಲಿದ್ದೆ.

"ಇದ್ಯಾವ ಗಂಡ್ಸು ಹಾಕಿರಾದ್ಲಾ ಇದ್ನ!" ಅಂತ ಒಳಗಿಂದ ಕೂಗಿ, ಕೊಂಡಿಯನ್ನು ಹಿಡಿದು ಜಗ್ಗಿದ.

ಕೊಂಡಿ ಬಂತು. ಕೊಳೆತ ಒಸಡಿನಿಂದ ಹಲ್ಲು ಬಂದ ಹಾಗೆ, ಅದರ ಜೊತೆಗೆ ಟ್ಯಾಂಕಿನ ಮೈಯಿಂದ ಅಂಗೈ ಅಗಲದ ತುಂಡೂ ಕಿತ್ತುಕೊಂಡು ಬಂತು. ಅದು ಕಬ್ಬಿಣ ಅಂದರೆ ನಂಬುವುದಿಲ್ಲ ನೀವು. ಹಪ್ಪಳ, ಹಪ್ಪಳದ ಹಾಗಿತ್ತು. ಹಿಂದೆಯೇ ಬೆಚ್ಚಗಿನ ಆಸಿಡ್ಡು.

ಅವನು ಕಿರುಚಿದ. ಹೊರಗೆ ಬರಲು ತಿರುಗಿದ, ಹೊಟ್ಟೆ ಸಿಕ್ಕಿಕೊಂಡಿತು. ಅಂಗಳದಲ್ಲಿದ್ದ ಹೆಂಗಸರು ಆ ಕಿರುಚಾಟ ಕೇಳಿ ನಕ್ಕರು, ಹೊಟ್ಟೆ ಸಿಕ್ಕಿಕೊಂಡಿದ್ದಕ್ಕೇ ಕೂಗುತ್ತಿದ್ದಾನೆ ಅಂತ. ನಾನೂ ನಕ್ಕೆ. ಆಮೇಲೆ ಹೊಗೆ ಕಂಡಿತು.

ಎಳೆದು ತಂದವನು ಕಂಬಳಿ. ತಲೆಯಿಂದ ಕಾಲವರೆಗೆ ಆ ಕರಿ ಕಂಬಳಿ ಸುತ್ತಿಕೊಂಡು ಹೋಗಿ, ಎರಡೂ ತೋಳು ಹಿಡಿದು, ಕುರಿಯನ್ನು ಬೇಲಿಯಿಂದ ಬಿಡಿಸಿದ ಹಾಗೆ ಎಳೆದ. ನಾವು ಡ್ರಮ್ಮು ಡ್ರಮ್ಮು ನೀರು ಸುರಿದೆವು. ತೊಡೆಯಿಂದ ಕೆಳಗೆ ನೋಡುವ ಹಾಗಿರಲಿಲ್ಲ. ಬಲಗೈ ಮುಷ್ಟಿ ಮಾತ್ರ ಬಿಡಲೇ ಇಲ್ಲ. ಅದರೊಳಗೆ ಕೊಂಡಿ.

ಊರಿನ ಜನ ಏನಂದರು ಗೊತ್ತೆ? ಇನ್‌ಚಾರ್ಜ್ ದೇವರು ಅಂದರು. ಹೆಂಗಸರನ್ನೆಲ್ಲ ಹೊರಗೆ ಕಳಿಸಿ ತಾನು ಸುಟ್ಟುಕೊಂಡ, ಬಸುರಿಯ ಜೀವ ಉಳಿಸಿದ ಅಂದರು. ಯಜಮಾನರು ಅವನ ಫೋಟೋ ಶೆಡ್ಡಿನಲ್ಲಿ ತೂಗುಹಾಕಿಸಿದರು. ನಾನು ಬಾಗಿಲಲ್ಲಿದ್ದೆ, ನಾನು ಕಂಡಿದ್ದೇನೆ. ಅವನು ಯಾರನ್ನೂ ಉಳಿಸಲಿಲ್ಲ. ಅವನು ಅನ್ನ ಎಸೆದ. ಅನ್ನ ಹೊರಗೆ ಬಿತ್ತು, ಅನ್ನದ ಹಿಂದೆ ನಾವು ಹೋದೆವು. ಅಷ್ಟೇ.

ಟ್ಯಾಂಕು ಒಡೆದ ದಿನ ಸಂಜೆಯೇ ಒಬ್ಬ ಆಫೀಸರ್ ಬಂದು, ಖಾಲಿಯಾದ ಟ್ಯಾಂಕಿಗೆ ಇಳಿದು ನೋಡಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. ಟ್ಯಾಂಕಿನ ಒಳಮೈಗೆ ಟೈರಿನಂಥ ದಪ್ಪ ರಬ್ಬರು ಅಂಟಿಸಿರುತ್ತಾರಂತೆ. ಆಸಿಡ್ಡು ಮುಟ್ಟುವುದು ರಬ್ಬರನ್ನು, ಕಬ್ಬಿಣವನ್ನಲ್ಲ. ಹೊರಗಿನಿಂದ ಬೆಸುಗೆ ಹಾಕಿದರೆ ಆ ಶಾಖಕ್ಕೆ ಒಳಗಿನ ರಬ್ಬರು ಸುಟ್ಟುಹೋಗುತ್ತದೆ. ಆ ಸುಟ್ಟ ಜಾಗದಿಂದ ಬೆಚ್ಚಗಿನ ಆಸಿಡ್ಡು ಹಿಂದೆ ಸೇರಿ, ಕಬ್ಬಿಣವನ್ನು ಒಳಗಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ನೆಟ್ಟಗೆ ಇರುತ್ತದೆ. ರಬ್ಬರು ಅಂಟಿಸಿದವರು ಹೋಗುವಾಗ, ಒಂದು ಮೊಳೆಯನ್ನೂ ಇದರ ಮೈಗೆ ಹೊಡೆಯಬೇಡಿ ಅಂತ ಇನ್‌ಚಾರ್ಜಿಗೆ ಹೇಳಿ ಹೋಗಿದ್ದರಂತೆ. ಅವನಿಗೆ ಗೊತ್ತಿತ್ತು! ಆ ಒಂದು ಮಾತನ್ನು ಬಾಯಿಬಿಟ್ಟು ನಮ್ಮ ಅಳಿಯನಿಗೆ ಹೇಳಿದ್ದರೆ? ಹೇಳಲಿಲ್ಲ. ಕಾಲು ಇತ್ತಲ್ಲ, ಒದ್ದ.

"ಎವರು ಚೇಸಾರು ಈ ಪನಿ?" ಅಂತ ಆಫೀಸರ್ ತೆಲುಗಿನಲ್ಲಿ ಕೇಳಿದ. ಯಾರು ಮಾಡಿದ್ದು ಈ ಕೆಲಸ? ಯಾರೂ ಬಾಯಿ ಬಿಡಲಿಲ್ಲ. ಬೀಗ ಅನ್ನುವವಳು ಬೀಗವೇ ಆದಳು. ಆದರೆ ಅಷ್ಟು ಚೆನ್ನಾಗಿ ಬೆಸೆಯುವ ಕೈ ಯಾರದು ಅಂತ ಇನ್‌ಚಾರ್ಜಿಗೆ ತಿಳಿಯದೆ ಇರುತ್ತದೆಯೆ? ಸಿಕ್ಕಿದವನನ್ನು ಜೈಲಿಗೆ ಹಾಕಿಸುತ್ತೇನೆ ಅಂತ ಯಜಮಾನರು ಮೀಸೆ ಮುಟ್ಟಿ ಹೇಳಿದ್ದರು. ಮಗಳ ಹೊಟ್ಟೆ ದಿನಕ್ಕೊಂದು ತೂಕ ಏರುತ್ತಿತ್ತು. ಅಳಿಯ ಬಾಗಿಲು ಸಪ್ಪಳವಾದರೆ ಎದ್ದು ನಿಲ್ಲುತ್ತಿದ್ದ.

ಬಳ್ಳಾರಿ ಆಸ್ಪತ್ರೆಗೆ ನಾನೇ ಹೋದೆ. ಅವನು ಬಾಳೆ ಎಲೆಯ ಮೇಲೆ ಮಲಗಿದ್ದ. ನನ್ನನ್ನು ಕಂಡು ನಕ್ಕ. ದಿಂಬಿನ ಅಡಿಯಿಂದ ಎಡಗೈಯಲ್ಲಿ ಕೊಂಡಿ ತೆಗೆದು ತೋರಿಸಿದ. ಆಸಿಡ್ಡು ತಿಂದು ಕೋಳಿ ಮೂಳೆಯಷ್ಟಾಗಿತ್ತು.

"ಏನ್ ಮೂರನೇ ಕ್ಲಾಸು, ಇದು ಯಾರ ಕೈಕೆಲ್ಸ ಅಂತ ಹೇಳ್ಲಾ?"

"ಬ್ಯಾಡ್ರಿ ಸಾರ್. ಹುಡುಗಿ ಬಸುರಿ ಅದಾಳ್ರಿ. ಕಾಲಿಗೆ ಬೀಳ್ತೀನಿ."

"ಕಾಲಾ? ಈ ಪಟ್ಟಿಯೊಳಗೆ ಎಲ್ಲೈತೆ ತೋರ್ಸು, ನಾನೂ ನೋಡ್ತೀನಿ."

ಇಂಥವನು. ಆಮೇಲೆ ಷರತ್ತು ಹೇಳಿದ. ತಾನು ಮಡಕಶಿರಕ್ಕೆ ಹೋದ ಮೇಲೆ ಪ್ರತಿ ಸೋಮವಾರ ಅವನಿಗೆ ನಾನು ಬುತ್ತಿ ತರಬೇಕು. ನಾನೇ ಮಾಡಬೇಕು, ನಾನೇ ತರಬೇಕು. "ಬಿಸೀದು ತರ್ಬೇಕು ಕಣಮ್ಮಿ. ಒಂದು ಸೋಮವಾರ ತಪ್ಪಿತೋ, ಮಂಗಳವಾರ ಫೋನು."

ರಾಯದುರ್ಗದಲ್ಲಿ ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಹಿಡಿದು, ಮಡಕಶಿರ ಸೇರಬೇಕಾದರೆ ಒಲೆಯೇ ಆರಿಹೋಗುತ್ತದೆ, ಬುತ್ತಿ ಎಲ್ಲಿ ಬಿಸಿ ಇರುತ್ತದೆ? ನಮ್ಮ ಊರಿನಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುತ್ತಾರೆ. ಆ ದಪ್ಪ ಬಟ್ಟೆಯ ತುಂಡು ತಂದು ನಾಲ್ಕು ಮಡಿಕೆ ಸುತ್ತಿದೆ. ಅವನು ಕಲ್ಲಿಗೆ ಎಸೆದು ಸೊಟ್ಟ ಮಾಡಿದ್ದ ಅದೇ ನೀಲಿ ಮುಚ್ಚಳದ ಡಬ್ಬಿ. ಬೇಕಂತಲೇ ಅದರಲ್ಲೇ ಒಯ್ದೆ. ಅವನು ಮಂಚದ ಮೇಲಿಂದ ಬೆರಳಲ್ಲಿ ಮುಟ್ಟಿ ನೋಡಿದ.

"ಆರೋಗೈತಲ್ಲಮ್ಮಿ. ಯಾಕೆ, ನೇತಾಕಕ್ಕೆ ಕೊಂಡಿ ಸಿಗಲಿಲ್ವಾ?"

ಪ್ರತಿ ಸೋಮವಾರ ಇದೇ ಮಾತು. ನಾನು ತಲೆ ತಗ್ಗಿಸಿ ನಿಲ್ಲುವುದು, ಅವನು ಹೊಟ್ಟೆ ಕುಣಿಸಿ ನಗುವುದು. ಮೊದಲ ದಿನ ಜೋಳದ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, "ಚಪ್ಪಲಿ ಅಟ್ಟೆ ತಂದಿದೀಯಾ?" ಅಂದ. ಅಟ್ಟೆ ಅಂದವನು ಪುಂಡಿಪಲ್ಯ ಹಚ್ಚಿಕೊಂಡು ಒಂದು ಚೂರೂ ಬಿಡದೆ ತಿಂದ. ಕಾಲ ಬಳಿ ಕೂತಿದ್ದ ಹೆಂಡತಿಗೆ, "ನೋಡಿ ಕಲಿ. ಮೂರನೇ ಕ್ಲಾಸು ಓದಿರೋಳ ಕೈರುಚಿ. ನೀನು ಎಸ್ಸೆಸ್ಸೆಲ್ಸಿ, ನಿನ್ನ ಸಾರು ಎಮ್ಮೆ ಮೈತೊಳೆದ ನೀರು" ಅಂದ. ಆ ಹೆಂಗಸು ಅವನ ಕಾಲಿನ ಪಟ್ಟಿ ಬಿಚ್ಚಿ ಬಿಸಿನೀರಿನಲ್ಲಿ ಒರೆಸುತ್ತಿದ್ದಳು. ಸಕ್ಕರೆ ಕಾಯಿಲೆ ಮೈಯಲ್ಲಿದ್ದವನಿಗೆ ಗಾಯ ಎಲ್ಲಿ ಮಾಯುತ್ತದೆ? ವಾರ ವಾರಕ್ಕೆ ವಾಸನೆ ಜಾಸ್ತಿಯಾಗುತ್ತಿತ್ತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಂಡರೆ ಅದಕ್ಕೊಂದು ಮಾತು ಬರುತ್ತದೆ.

ಬಸ್ಸಿನಲ್ಲಿ ತಿರುಗಿ ಬರುವಾಗೆಲ್ಲ ಒಂದೇ ಜಪ. ಇವನು ಸಾಯಲಿ. ಮಗು ಹುಟ್ಟುವ ಮುಂಚೆ ಸಾಯಲಿ. ಬಾಯಿ ಬಿಡದೆ ಸಾಯಲಿ.

ಕೊನೆಯ ಸೋಮವಾರ ಅವನಿಗೆ ರೊಟ್ಟಿ ಮುರಿಯಲು ಆಗಲಿಲ್ಲ. ನಾನೇ ಹಾಲಿನಲ್ಲಿ ಕಿವುಚಿ ಬಾಯಿಗಿಟ್ಟೆ.

"ಯಾವಾಗ ಹೆರಿಗೆ?"

"ಈ ವಾರದಾಗ ಅಂತಾರ್ರಿ."

"ಹೆಣ್ಣಾದ್ರೆ ನಂಗೆ ಹೇಳ್ಬೇಡ. ನಿಮ್ಮನ್ಯಾಗೆ ಇರೋ ಹೆಣ್ಣುಗಳೇ ಸಾಕು." ಇನ್ನೊಂದು ತುತ್ತು ನುಂಗಿ, "ಆರೋಗೈತೆ ಕಣಮ್ಮಿ" ಅಂದ. ಹಾಲಿನ ವಿಷಯ.

ನನ್ನ ಜಪ ಪೂರಾ ಹಾಗೆಯೇ ನಡೆಯಲಿಲ್ಲ, ಮಗು ಹುಟ್ಟಿದ ಮೇಲೆ ಸತ್ತ. ಇರಲಿ, ಅಷ್ಟು ಹೆಚ್ಚುಕಮ್ಮಿ ದೇವರಿಗೆ ಬಿಟ್ಟುಕೊಡೋಣ.

ಅವನ ಮೂರನೇ ದಿನದ ಹಾಲುತುಪ್ಪ ಸೋಮವಾರವೇ ಬಂತು. ಪುರುಡಿನ ಮನೆಯಿಂದ ಸಾವಿನ ಮನೆಗೆ ಹೋಗುವುದುಂಟೆ ಅಂತ ಓಣಿಯವರೆಲ್ಲ ಬೈದರು. ಮಗಳು ಅತ್ತಳು. ಆದರೆ ಆ ಕೊಂಡಿ ಅಲ್ಲೇ ಇತ್ತಲ್ಲ! ಯಾರ ಕೈಗಾದರೂ ಸಿಕ್ಕಿ, ಇದೇನು ಇದೆಲ್ಲಿಯದು ಅಂತ ಆಫೀಸರ್ ತನಕ ಹೋದರೆ? ಸಾಯುವ ಮುಂಚೆ ಅವನು ಯಾರಿಗಾದರೂ ಹೇಳಿದ್ದರೆ? ರೊಟ್ಟಿ ಬಡಿದೆ, ಡಬ್ಬಿ ಕಟ್ಟಿದೆ, ಬಸ್ಸು ಹತ್ತಿದೆ.

ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಎಡೆಗೆ ಎಲೆ ಒರೆಸುತ್ತಿದ್ದಳು.

"ಅಮ್ಮಾರ, ಒಂದು ಕೊಂಡಿ ಇತ್ತಲ್ರಿ ಸಾರ್ ಹತ್ರ..." ಅಂದೆ.

ಗೂಡಿನಿಂದ ತೆಗೆದು ಕೈಗೆ ಕೊಟ್ಟಳು. "ನೀನು ಕೇಳ್ತೀಯ ಅಂತ ಎತ್ತಿಟ್ಟಿದ್ದೆ."

"ಯಾರಿಗಾರ ಹೇಳ್ಯಾರೇನ್ರಿ, ಇದು ಯಾರು ಮಾಡಿದ್ದು ಅಂತ?"

"ಹೇಳಿದ್ರು. ಬಳ್ಳಾರಿ ಆಸ್ಪತ್ರೆಗೆ ಸೇರ್ಸಿದ ಮಾರನೇ ದಿನಾನೇ ಆಫೀಸರ್ ಬಂದಿದ್ದ."

ಒಲೆಯ ಕಟ್ಟೆ ಹಿಡಿದುಕೊಂಡೆ.

"ಸಾರ್ ಏನಂದ್ರು?"

"'ನಾನೇ ಹಾಕ್ಸಿದ್ದು, ನನ್ನ ಬುತ್ತಿಗೆ' ಅಂದ್ರು. ಆಫೀಸರ್ ನಂಬಲಿಲ್ಲ. ಅವನ ಮೇಲೇ ಎಗರಿದ್ರು. 'ನನ್ನ ಶೆಡ್ನಾಗೆ ನನ್ನ ಕೇಳ್ದೆ ಒಂದು ನೊಣ ಕೂತ್ಕಂಡೈತಾ? ಯಾವನೋ ಬಂದು ನನ್ನ ಕಣ್ತಪ್ಸಿ ಕೊಂಡಿ ಹಾಕ್ದ ಅಂತ ಬರ್ಕತೀಯಾ? ನಾನೇನು ಅಲ್ಲಿ ಕತ್ತೆ ಕಾಯ್ತಿದ್ನಾ?' ಅಂದ್ರು. ಅಂಗೇ ಬರ್ಕಂಡು ಹೋದ. ಅವತ್ತಿಗೇ ಮುಗೀತು ಅದು."

ಮಾರನೇ ದಿನವೇ! ನಾನು ಹೋಗಿ ಕಾಲು ಹಿಡಿಯುವ ಮುಂಚೆಯೇ! ಅಷ್ಟು ಸೋಮವಾರ, ಅಷ್ಟು ಬಸ್ಸು, ಅಷ್ಟು ರೊಟ್ಟಿ! ಅಳಿಯ ನಿದ್ದೆಗೆಟ್ಟಿದ್ದು, ಮಗಳು ಹೊಟ್ಟೆ ಹಿಡಿದುಕೊಂಡು ಬಾಗಿಲು ನೋಡುತ್ತ ಕೂತದ್ದು!

"ನೀವಾರ ನನಗ ಒಂದು ಮಾತು ಹೇಳಬಾರದಿತ್ತೇನ್ರಿ?"

ಅವಳು ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನೀನು ಬರ್ತಿರಲಿಲ್ಲ. ಸೋಮವಾರ ಒಂದು ದಿನ ನಂಗೆ ಬೈಗುಳ ಕಮ್ಮಿ ಇರ್ತಿತ್ತು. ನಿನಗೆ ಬೈಯ್ಯೋದ್ರಲ್ಲೇ ಅವ್ರಿಗೆ ಸುಸ್ತಾಗ್ತಿತ್ತು."

ಹೊರಗೆ ಎಡೆ ಇಟ್ಟರು. ಮುದ್ದೆ, ಸಾರು, ಅವನಿಗೆ ಇಷ್ಟ ಅಂತ ನನ್ನ ರೊಟ್ಟಿ, ಪುಂಡಿಪಲ್ಯ. ಎಲ್ಲರೂ ಹಿಂದೆ ಸರಿದು ನಿಂತರು. ಗೋಡೆಯ ಮೇಲೆ ಕಾಗೆ ಕೂತಿತ್ತು, ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ ಲೆಕ್ಕ. ಅವನ ತಮ್ಮ ಹೋಗಿ, "ಅತ್ತಿಗೇನ ನೋಡ್ಕಂತೀವಿ ಬಾರಣ್ಣ" ಅಂದ. ಇಳಿಯಲಿಲ್ಲ. ತಂಗಿ ಹೋಗಿ ಅತ್ತಳು. ಇಳಿಯಲಿಲ್ಲ. ಬಿಸಿಲು ಏರಿತು, ಪಲ್ಯದ ಮೇಲೆ ನೊಣ ಕೂತವು.

ನಾನು ಹೋದೆ. ಯಾರೋ ಪುರುಡು ಪುರುಡು ಅಂದರು. ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಆ ಕೊಂಡಿಯನ್ನು ರೊಟ್ಟಿಯ ಪಕ್ಕ ಇಟ್ಟೆ.

"ತಗೋರಿ ಸಾರ್. ಬುತ್ತಿ ಆರೈತಿ, ನನಗ ಗೊತ್ತೈತಿ. ಕೊಂಡಿ ತಂದೀನಿ, ನೇತಾಕಿ ಬಿಸಿ ಮಾಡ್ಕೊಳ್ರಿ. ನೀವು ಹೋಗಿರೋ ಕಡಿ ಬೆಂಕಿಗೇನು ಬರ ಇಲ್ಲ." ಎದ್ದು ನಿಂತು ಇನ್ನೊಂದು ಮಾತು ಸೇರಿಸಿದೆ. "ಹೆಣ್ಣ ಹುಟ್ಟೈತಿ. ಎರಡೂ ಕಾಲು ಗಟ್ಟಿ ಅದಾವು."

ನಾನು ಬೆನ್ನು ತಿರುಗಿಸಿದ್ದೇ ತಡ, ರೆಕ್ಕೆ ಸಪ್ಪಳವಾಯಿತು. ತಿರುಗಿ ನೋಡಿದೆ. ಕಾಗೆ ಎಲೆಯ ಮೇಲೆ ಇಳಿದಿತ್ತು. ಮೊದಲು ಕಾಲೆತ್ತಿ ಕೊಂಡಿಯನ್ನು ಎಲೆಯಿಂದ ಆಚೆ ಒದ್ದಿತು. ಆಮೇಲೆ ರೊಟ್ಟಿಗೆ ಬಾಯಿ ಹಾಕಿತು.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡು ಹತ್ತಿರ ಹೋದರೆ, ಭುಜ ಕುಣಿಯುವಷ್ಟು ನಗುತ್ತಿದ್ದಳು.

"ಅವ್ರೇ ಕಣಮ್ಮ," ಅಂದಳು. "ಅನುಮಾನಾನೇ ಬೇಡ."